ಹಾಂಗ್ ಕಾಂಗಿನಲ್ಲಿ ಹತ್ತು ಗಂಟೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮರಳುವಾಗ ಹಾಂಗ್ ಕಾಂಗಿನಲ್ಲಿ ನಮಗೆ ಹತ್ತು ಗಂಟೆಗಳ ಬಿಡುವು ದೊರೆಯಿತು. ಈ ಬಾರಿ ನಮ್ಮೊಡನೆ ಅಮ್ಮನೂ ಇದ್ದರು. ಅಪ್ಪ ತೀರಿಕೊಂಡ ಮೇಲೆ ಸಾಗರದ ಮನೆಗೆ ಬೀಗ ಹಾಕಿ ಅವರನ್ನು ಕರೆದೊಯ್ಯುತ್ತಿದ್ದೆವು. 'ಬರುತ್ತೀಯೇನಮ್ಮಾ?' ಎಂದು ನಾನು ಕೇಳಿರಲಿಲ್ಲ, ಟಿಕೆಟ್ ತೆಗೆದುಬಿಟ್ಟಿದ್ದೆ. ಮನೆ ಬಿಟ್ಟಂದಿನಿಂದ ಅವರು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು.

ಭಾರತದ ಪಾಸ್‌ಪೋರ್ಟ್ ಉಳ್ಳವರು ನಿಲ್ದಾಣದಿಂದ ಹೊರಬಂದು ನಗರ ನೋಡಬೇಕಾದರೆ ಮೊದಲೇ ಅಂತರ್ಜಾಲದಲ್ಲಿ ನೋಂದಾಯಿಸಿಕೊಂಡಿರಬೇಕು. ಸದಸ್ಯ ಬಂಧುಗಳು ಇದನ್ನು ಮರೆಯದಿರಲಿ. ನಿಲ್ದಾಣದ ರೈಲು 24 ನಿಮಿಷಗಳಲ್ಲಿ ನಗರದ ನಡುವಿಗೆ ತಂದಿಳಿಸಿತು. ಗಗನಚುಂಬಿ ಕಟ್ಟಡಗಳ ವರ್ಣನೆಗೆ ನಾನು ಕೈಹಾಕುವುದಿಲ್ಲ. ಮಗಳು ತೆಗೆದ ಚಿತ್ರಗಳಲ್ಲಿ ಅವು ಬೇಕಾದಷ್ಟಿವೆ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಸ್ಟಾರ್ ಫೆರ್ರಿ. ಸೆಂಟ್ರಲ್ ದಡದಿಂದ ಎದುರಿನ ಕೌಲೂನಿಗೆ ವಿಕ್ಟೋರಿಯಾ ಬಂದರನ್ನು ದಾಟಿಸುವ ಹಸಿರು-ಬಿಳಿ ದೋಣಿಗಳಿವು. ಇದರ ಮೂಲಪುರುಷ ಮುಂಬಯಿಯಿಂದ ಹೋದ ದೊರಾಬ್ಜಿ ನವರೋಜಿ ಎಂಬ ಪಾರ್ಸಿ; 1888ರಲ್ಲಿ ಆತ ಸ್ಥಾಪಿಸಿದ ಕಂಪನಿಯೇ 1898ರಲ್ಲಿ ಸ್ಟಾರ್ ಫೆರ್ರಿ ಎನಿಸಿತು. ದೋಣಿಗೆ ಹಿಂದುಮುಂದೆಂಬುದಿಲ್ಲ. ಮರದ ಬೆಂಚುಗಳ ಒರಗನ್ನು ಆಚೆಗೆ ಮಗುಚಿದರೆ ಹಿಂದೆಯೇ ಮುಂದಾಗುತ್ತದೆ.

ದೋಣಿ ದಡ ಬಿಟ್ಟಿತು. ಡೀಸೆಲ್ ಹೊಗೆ ಮೂಗಿಗೆ ಬಡಿದೊಡನೆ ಅಮ್ಮ, "ಹೊಳೆಬಾಗಿಲಿನ ಲಾಂಚಿನದೇ ವಾಸನೆ ಕಣೇ" ಎಂದರು. ಆಮೇಲೆ ಮೊಮ್ಮಗಳ ಕೈಹಿಡಿದು ಹೇಳತೊಡಗಿದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವರಿಗೆ ಏಳು ವರ್ಷ. ಶರಾವತಿಯ ಹಿನ್ನೀರು ತವರಿನ ಗದ್ದೆ, ತೋಟಗಳನ್ನು ಮುಳುಗಿಸಿತು. ಅಜ್ಜ ಮನೆಯ ಬಾಗಿಲುವಾಡವನ್ನು ಕಳಚಿ ಎತ್ತಿನ ಗಾಡಿಗೆ ಹೇರಿದ್ದರಂತೆ. ಅದರ ಮೇಲೆ ಕುಳಿತು ಅಮ್ಮ ಊರು ಬಿಟ್ಟದ್ದು. ಈ ಸಂಗತಿ ನನಗೂ ಹೊಸತು.

"ಅಳು ಬಂತಾ ಅಜ್ಜೀ?" ಎಂದಳು ಮಗಳು.

"ಬರ್ತೀಯಾ ಅಂತ ಆಗಲೂ ನನ್ನ ಯಾರೂ ಕೇಳಲಿಲ್ಲ, ಪುಟ್ಟಿ."

ಅವರು ನನ್ನತ್ತ ನೋಡಲಿಲ್ಲ. ನಾನು ನೀರನ್ನೇ ನೋಡುತ್ತಿದ್ದೆ.

ಕೌಲೂನಿನಲ್ಲಿ ಸ್ವಲ್ಪ ಅಡ್ಡಾಡಿ ಅದೇ ಮಾರ್ಗದ ದೋಣಿಯಲ್ಲಿ ಮರಳಿದೆವು. ಒರಗನ್ನು ಅಮ್ಮನೇ ಮಗುಚಿ ಕುಳಿತರು. ಆಗ ಕೇಳಿದೆ: "ದೀಪಾವಳಿಗೆ ಊರಿಗೆ ಹೋಗಿ ಮನೆ ಬಾಗಿಲು ತೆಗೆಯೋಣವೇನಮ್ಮಾ? ಅಲ್ಲೇ ಇರಬೇಕೆನಿಸಿದರೆ ಹೇಳು."

ಅಮ್ಮ ಬಹಳ ಹೊತ್ತು ಯೋಚಿಸಿದರು. "ದೀಪಾವಳಿಗೆ ಬೇಡ. ಹಿನ್ನೀರು ಇಳಿಯುವುದು ಬೇಸಿಗೆಗೆ. ಆಗ ಹೋಗೋಣ, ಇವಳಿಗೂ ತೋರಿಸಬೇಕು. ಇರುವುದು ಬಿಡುವುದು ಆಮೇಲಾಯಿತು."

ವಿಮಾನ ಹತ್ತುವ ಮುನ್ನ ಮೇ ತಿಂಗಳ ಟಿಕೆಟ್ ದರ ಹುಡುಕುತ್ತಾ ಕುಳಿತೆ. ಪಕ್ಕದಲ್ಲಿ ಅಮ್ಮ ಮಗಳಿಗೆ ಕೆಸುವಿನ ಪತ್ರೊಡೆ ಮಾಡುವ ಬಗೆ ವಿವರಿಸುತ್ತಿದ್ದರು.