ಯಾವ ಹೊಳೆ ಬಂತು?

ನಮ್ಮ ಹಾಸ್ಟೆಲ್‌ನಲ್ಲಿರೋ ಬಿಹಾರ, ಯುಪಿ ಕಡೆಯ ಸ್ನೇಹಿತರಿಗೆ ರೈಲಿನಲ್ಲಿ ಎರಡು ರಾತ್ರಿ ಕಳೆಯೋದು ದೊಡ್ಡ ವಿಷಯವೇ ಅಲ್ಲ. ಪ್ರತಿ ಸೆಮಿಸ್ಟರ್ ಮುಗಿದ ಕೂಡಲೇ ಒಂದು ಬ್ಯಾಗ್, ಒಂದು ಚಾರ್ಜರ್ ಹಿಡಿದು ಹೊರಟುಬಿಡ್ತಾರೆ. ನಮ್ಮ ಕಡೆಯವರಿಗೆ ದೂರದ ಪ್ರಯಾಣ ಅಂದ್ರೆ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇಳಿದು, ಸೊಂಟ ನೋವು ಅನ್ನೋದು. ಹಾಗಾಗಿ ಕಳೆದ ಡಿಸೆಂಬರ್‌ನಲ್ಲಿ ನಮ್ಮ ಮನೆಯ 14 ಜನ ಒಟ್ಟಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ದು ನಮ್ಮ ಪಾಲಿಗೆ ಸಣ್ಣ ಸಂಗತಿಯಲ್ಲ.

"ನಾವು" ಅಂದ್ರೆ ನಾಲ್ಕು ಜನ ಮೊಮ್ಮಕ್ಕಳು. ಟೈಪ್ ಮಾಡ್ತಿರೋದು ಒಬ್ಬರೇ ಆದ್ರೂ ಮಿಕ್ಕ ಮೂವರು ವಾಟ್ಸ್ಆಪ್‌ನಲ್ಲಿ ಸಾಲು ಸಾಲಿಗೂ ತಕರಾರು ತೆಗೆದಿದ್ದಾರೆ. ನಾಲ್ಕೂ ಜನ ಇಂಗ್ಲಿಷ್ ಮೀಡಿಯಂ. ಒತ್ತಕ್ಷರಗಳ ಜವಾಬ್ದಾರಿ ಸಂಪಾದಕರದ್ದು. ನಮ್ಮಲ್ಲಿ ಒಬ್ಬರಿಗೆ ಅಪ್ಪ ಆದವರು ಇನ್ನೊಬ್ಬರಿಗೆ ದೊಡ್ಡಪ್ಪ, ಮತ್ತೊಬ್ಬರಿಗೆ ಮಾವ. ಗೊಂದಲ ಬೇಡ ಅಂತ ಇಲ್ಲಿ ಎಲ್ಲರನ್ನೂ ದೊಡ್ಡಪ್ಪ, ಅಪ್ಪ, ಅತ್ತೆ, ಚಿಕ್ಕಪ್ಪ ಅಂತಲೇ ಕರೀತೀವಿ. ಈ ನಾಲ್ವರು ಅಜ್ಜಿಯ ಮಕ್ಕಳು. ಅವರ ಜೊತೆ ದೊಡ್ಡಮ್ಮ, ಅಮ್ಮ, ಮಾವ, ಚಿಕ್ಕಮ್ಮ, ಚಿಕ್ಕಪ್ಪನ ಆರು ವರ್ಷದ ಮಗ, ನಾವು ನಾಲ್ವರು. ಎಲ್ಲರಿಗಿಂತ ಮೇಲೆ 76 ವರ್ಷದ ಅಜ್ಜಿ. ಹರಿದ್ವಾರದಲ್ಲಿ ಒಂದು ಮುಳುಗು ಹಾಕ್ಬೇಕು ಅನ್ನೋದು ಅವರ ಬಹಳ ದಿನದ ಆಸೆ. "ವಿಮಾನ ಬೇಡ. ದಾರಿ ಕಾಣ್ಬೇಕು" ಅಂತ ಅವರೇ ಷರತ್ತು ಹಾಕಿದ್ದು.

ಟಿಕೆಟ್ ಮಾಡೋ ಕೆಲಸ ನಮ್ಮ ತಲೆಗೆ ಬಂತು. ನೀವೂ ಮನೆಯವರನ್ನೆಲ್ಲ ಕರ್ಕೊಂಡು ಹೋಗೋದಾದ್ರೆ ಉಪಯೋಗಕ್ಕೆ ಬರಲಿ ಅಂತ ಹೇಳ್ತೀವಿ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನ ಮೊದಲು ಮಾತ್ರ ತೆರೆಯುತ್ತೆ. ಒಂದು ಟಿಕೆಟ್‌ನಲ್ಲಿ ಆರು ಜನಕ್ಕಿಂತ ಹೆಚ್ಚು ಹಾಕೋ ಹಾಗಿಲ್ಲ. ಹಿರಿಯ ನಾಗರಿಕರ ಲೋಯರ್ ಬರ್ತ್ ಕೋಟಾ ಬೇಕಾದ್ರೆ ಅವರನ್ನು ದೊಡ್ಡ ಗುಂಪಿನ ಜೊತೆ ಸೇರಿಸಬಾರದು. ಅದಕ್ಕೆ ಅಜ್ಜಿ ಮತ್ತು ಅತ್ತೆಗೆ ಒಂದು ಟಿಕೆಟ್, ಮಿಕ್ಕವರಿಗೆ ಆರು ಆರರಂತೆ ಎರಡು. ಬೆಳಿಗ್ಗೆ ಎಂಟಕ್ಕೆ ಮೂರು ಲ್ಯಾಪ್‌ಟಾಪ್, ಮೂರು ಫೋನ್ ಇಟ್ಕೊಂಡು ಕೂತು, ಥರ್ಡ್ ಎಸಿಯಲ್ಲಿ 14 ಬರ್ತ್ ಹಿಡಿದ್ವಿ. ಒಂದೇ ಬೋಗಿ ಸಿಕ್ತು, ಆದ್ರೆ ಅಜ್ಜಿ ಒಂದು ತುದಿ, ನಾವು ಇನ್ನೊಂದು ತುದಿ. ಭೋಪಾಲ್‌ಗೆ ಹೋಗ್ತಿದ್ದ ಒಬ್ಬರು "ಅಜ್ಜಿ ಇಲ್ಲೇ ಇರ್ಲಿ ಬಿಡಿ" ಅಂತ ತಮ್ಮ ಲೋಯರ್ ಬಿಟ್ಟುಕೊಟ್ಟ ಮೇಲೆ ಎಲ್ಲ ಒಂದು ಕಡೆ ಆಯ್ತು.

ಬೆಂಗಳೂರಿನಿಂದ ದೆಹಲಿಗೆ ಈ ದಾರಿಯಲ್ಲಿ ಸುಮಾರು 2400 ಕಿಲೋಮೀಟರ್. ಸಂಜೆ ಏಳು ದಾಟಿದ ಮೇಲೆ ಹೊರಟರೆ ಮೂರನೇ ದಿನ ಬೆಳಿಗ್ಗೆ ತಲುಪೋದು. ರಾಜ್ಯಗಳನ್ನು ಎಣಿಸೋ ಆಟ ಆಡಿದ್ವಿ. ಹಿಂದೂಪುರದಲ್ಲಿ ಆಂಧ್ರ, ರಾಯಚೂರಿಗೆ ಮತ್ತೆ ಕರ್ನಾಟಕ, ಕೃಷ್ಣಾ ದಾಟಿದ ಮೇಲೆ ಸ್ವಲ್ಪ ದೂರ ತೆಲಂಗಾಣ, ಯಾದಗಿರಿ, ಕಲಬುರಗಿಗೆ ಇನ್ನೊಮ್ಮೆ ಕರ್ನಾಟಕ. ಆಮೇಲೆ ಮಹಾರಾಷ್ಟ್ರ, ಮಧ್ಯಪ್ರದೇಶ. ಝಾನ್ಸಿ ಹತ್ತಿರ ಉತ್ತರಪ್ರದೇಶ, ಗ್ವಾಲಿಯರ್‌ಗೆ ಮತ್ತೆ ಮಧ್ಯಪ್ರದೇಶ, ಧೋಲ್‌ಪುರದಲ್ಲಿ ಒಂಚೂರು ರಾಜಸ್ಥಾನ, ಆಗ್ರಾಕ್ಕೆ ಮತ್ತೆ ಉತ್ತರಪ್ರದೇಶ, ಹರಿಯಾಣ, ದೆಹಲಿ. ಗಡಿ ಅನ್ನೋದು ಭೂಪಟದಲ್ಲಿ ಇರೋ ಹಾಗೆ ನೇರ ಗೆರೆ ಅಲ್ಲ, ಅಜ್ಜಿ ಹಾಕಿದ ಚಕ್ಕುಲಿ ಥರ.

ಚಕ್ಕುಲಿ ಅಂದ ಮೇಲೆ ಊಟದ ಮಾತು. ಚಪಾತಿ, ಕಡಲೆಕಾಯಿ ಚಟ್ನಿಪುಡಿ, ಎರಡು ಡಬ್ಬಿ ಪುಳಿಯೋಗರೆ, ಕೋಡುಬಳೆ, ರವೆ ಉಂಡೆ, ತಿಪಟೂರಿನ ಕೊಬ್ಬರಿ ಹಾಕಿದ ಮಿಠಾಯಿ. ಹಿಂದೂಪುರ ಬರೋ ಹೊತ್ತಿಗೆ ಮೊದಲ ಡಬ್ಬಿ ಖಾಲಿ. ಭೋಪಾಲ್‌ನವರಿಗೆ ಅಜ್ಜಿ ಕೇಳದೇನೇ ಎರಡು ಚಪಾತಿ ಬಡಿಸಿದ್ರು. ಅವರು ಹಿಂದಿಯಲ್ಲಿ ಸಾಕು ಅಂದ್ರು, ಅಜ್ಜಿ ಕನ್ನಡದಲ್ಲಿ ಇನ್ನೊಂದು ಹಾಕಿದ್ರು.

ಹತ್ತು ಗಂಟೆಗೆ ದೀಪ ಆರಿಸಿದ್ರು. ನಾವು ನಾಲ್ವರೂ ಮೇಲಿನ ಬರ್ತ್‌ಗಳಲ್ಲಿ. ಅಜ್ಜಿ ಕೆಳಗೆ, ಗೋಡೆ ಕಡೆ ಮುಖ ಮಾಡಿ, ಶಾಲು ತಲೆ ತನಕ ಎಳ್ಕೊಂಡು ಮಲಗಿದ್ರು. ಪಕ್ಕದ ಬೇಯಲ್ಲಿ ದೊಡ್ಡವರು ಗುಸುಗುಸು ಶುರು ಮಾಡಿದ್ರು. ಮನೆಯಲ್ಲಾದ್ರೆ ಇಂಥ ಮಾತಿಗೆ ರೂಮಿನ ಬಾಗಿಲು ಹಾಕ್ಕೋತಾರೆ. ಎಸಿ ಬೋಗಿಯಲ್ಲಿ ಬಾಗಿಲು ಎಲ್ಲಿಂದ ಬರಬೇಕು? ಇಯರ್‌ಫೋನ್ ಕಿವಿಯಲ್ಲಿದ್ರೆ ಹುಡುಗರಿಗೆ ಏನೂ ಕೇಳಿಸಲ್ಲ ಅನ್ನೋದು ಅವರ ನಂಬಿಕೆ. ನಾವು ಹಾಡು ನಿಲ್ಲಿಸಿ ಸುಮಾರು ಹೊತ್ತಾಗಿತ್ತು.

"ಮನೆ ಕೊಟ್ಟುಬಿಡೋಣ. ಅಮ್ಮ ಮೂರು ಮೂರು ತಿಂಗಳು ಒಬ್ಬೊಬ್ಬರ ಮನೇಲಿರ್ಲಿ." ಇದು ದೊಡ್ಡಪ್ಪ.

"ನಮ್ಮದು ಮೂರನೇ ಮಹಡಿ ಅಣ್ಣ, ಲಿಫ್ಟ್ ಬೇರೆ ಇಲ್ಲ." ಇದು ಚಿಕ್ಕಪ್ಪ.

"ನಮ್ಮನೇಲಿ ನಮ್ಮತ್ತೆನೂ ಇದಾರೆ. ಇಬ್ಬರನ್ನ ಹೇಗೆ ನೋಡ್ಕೊಳ್ಳಲಿ?" ಇದು ಅತ್ತೆ.

"ಹರಿದ್ವಾರದಲ್ಲಿ ಸ್ನಾನ ಆದ್ಮೇಲೆ ಹೇಳೋಣ. ಆಗ ಮನಸ್ಸು ತಿಳಿಯಾಗಿರುತ್ತೆ." ಇದು ಅಪ್ಪ.

ಮನೆ ಅಂದ್ರೆ ತಿಪಟೂರಿನ ಹೆಂಚಿನ ಮನೆ, ಹಿತ್ತಲಲ್ಲಿ ಹನ್ನೆರಡು ತೆಂಗಿನ ಮರ. ಅಜ್ಜ ಹೋಗಿ ಎರಡು ವರ್ಷ. ಅಂದಿನಿಂದ ಅಜ್ಜಿ ಅಲ್ಲಿ ಒಬ್ಬರೇ. ಆಗಸ್ಟ್‌ನಲ್ಲಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದು, ಪಕ್ಕದ ಮನೆಯವರು ನೋಡೋ ತನಕ ಒಂದು ಗಂಟೆ ಹಾಗೇ ಇದ್ರು. ಮೂಳೆ ಮುರಿದಿರಲಿಲ್ಲ. ಆದ್ರೆ ಆ ದಿನದಿಂದ ನಾಲ್ಕೂ ಮನೆಗಳಲ್ಲಿ ರಾತ್ರಿ ಫೋನ್ ರಿಂಗಾದ್ರೆ ಎಲ್ಲರೂ ಎದ್ದು ಕೂರ್ತಿದ್ರು. ಅದು ನಮಗೂ ಗೊತ್ತಿತ್ತು. ಹಾಗಾಗಿ ಮೇಲೆ ಮಲಗಿ ಕೇಳಿಸ್ಕೊಂಡಾಗ ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತ ನಮಗೆ ತಿಳೀಲಿಲ್ಲ.

ನಡುರಾತ್ರಿ ಕಳೆದು ಎಷ್ಟೋ ಹೊತ್ತಾದ ಮೇಲೆ ಗಾಲಿಗಳ ಸದ್ದು ಇದ್ದಕ್ಕಿದ್ದ ಹಾಗೆ ಬದಲಾಯ್ತು. ಸಿವಿಲ್ ಓದ್ತಿರೋ ನಮ್ಮಲ್ಲೊಬ್ಬ ಆಮೇಲೆ ಕಾರಣ ಹೇಳಿದ. ಸಾಧಾರಣ ಹಳಿಯ ಕೆಳಗೆ ಜಲ್ಲಿ ಇರುತ್ತೆ, ಅದು ಸದ್ದನ್ನೂ ಅದುರನ್ನೂ ಹೀರಿಕೊಳ್ಳುತ್ತೆ. ಉಕ್ಕಿನ ಗರ್ಡರ್ ಸೇತುವೆಗಳಲ್ಲಿ ಜಲ್ಲಿ ಇರಲ್ಲ, ಅದಕ್ಕೇ ಆ ಗುಡುಗು. ಆ ಗುಡುಗಿನ ನಡುವೆ ಕೆಳಗಿಂದ ಅಜ್ಜಿಯ ದನಿ ಬಂತು.

"ಯಾವ ಹೊಳೆ ಬಂತು?"

ನಿದ್ದೆಯಿಂದ ಎದ್ದವರ ದನಿ ಅದಲ್ಲ. ನಾವು ಫೋನಿನಲ್ಲಿ ಮ್ಯಾಪ್ ನೋಡಿ "ತುಂಗಭದ್ರಾ ಅಜ್ಜಿ" ಅಂದ್ವಿ. ಅವರು ಕಿಟಕಿ ಕಡೆ ಕೈ ಮುಗಿದು ಮತ್ತೆ ಮಲಗಿದ್ರು. ರಾಯಚೂರು ದಾಟಿದ ಮೇಲೆ ಮತ್ತೆ ಅದೇ ಸದ್ದು, ಅದೇ ಪ್ರಶ್ನೆ. "ಕೃಷ್ಣಾ." ಮತ್ತೆ ಕೈ ಮುಗಿದ್ರು. ಅಲ್ಲಿಗೆ ನಮಗೆ ಖಾತ್ರಿ ಆಯ್ತು. ಅಜ್ಜಿ ಇಡೀ ರಾತ್ರಿ ಎಚ್ಚರ ಇದ್ರು. ಪಕ್ಕದ ಬೇಯ ಮಾತು ನಮಗಿಂತ ಚೆನ್ನಾಗಿ ಅವರಿಗೆ ಕೇಳಿಸಿತ್ತು.

ಮಾರನೇ ದಿನ ಇಡೀ ಹಗಲು ಮಹಾರಾಷ್ಟ್ರ. ಸೊಲ್ಲಾಪುರದಲ್ಲಿ ಚಹಾ. ದೌಂಡ್ ಹತ್ತಿರ ಬಂದಾಗ ದೊಡ್ಡಪ್ಪ, ಮೊದಲೆಲ್ಲ ಇಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಸಿಕ್ಕಿಸ್ತಿದ್ರು, ಬಂದ ದಿಕ್ಕಿಗೇ ವಾಪಸ್ ಹೋದ ಹಾಗಿರ್ತಿತ್ತು ಅಂತ ಕೈಯಲ್ಲೇ ಹಳಿ ಬರೆದು ತೋರಿಸಿದ್ರು. ಅಂತ್ಯಾಕ್ಷರಿ ನಡೀತು, ಇಸ್ಪೀಟು ನಡೀತು. ಮನ್ಮಾಡ್‌ಗೆ ಮುಂಚೆ ಕೋಪರ್‌ಗಾಂವ್ ಹತ್ತಿರ ಗೋದಾವರಿ ಸಿಕ್ತು. ಭುಸಾವಳದಲ್ಲಿ ಬಾಳೆಹಣ್ಣು ಕೊಂಡ್ವಿ, ಆ ಕಡೆಯೆಲ್ಲ ಬಾಳೆ ತೋಟವೇ. ಅದನ್ನು ಬಿಟ್ಟ ಕೂಡಲೇ ತಾಪಿ. ಪ್ರತಿ ಸಲ ಅಜ್ಜಿ ಕೇಳಿದ್ರು, ನಾವು ಹೇಳಿದ್ವಿ, ಅವರು ಕೈ ಮುಗಿದ್ರು. ಉಳಿದಂತೆ ಅಜ್ಜಿ ಅವತ್ತು ಹೆಚ್ಚು ಮಾತಾಡ್ಲಿಲ್ಲ. ದೊಡ್ಡವರು ಮಾತ್ರ ಅವರಿಗೆ ಅತಿಯಾದ ಉಪಚಾರ ಮಾಡ್ತಿದ್ರು. ದಿಂಬು ಬೇಕಾ, ಬಿಸಿನೀರು ಬೇಕಾ, ಕಾಲು ಚಾಚ್ತೀಯಾ ಅಂತ. ನಾವು ನಾಲ್ವರು ಬಾಗಿಲ ಹತ್ತಿರ ನಿಂತು, ಇದನ್ನ ನಾವು ಹೇಳ್ಬೇಕಾ ಬೇಡ್ವಾ ಅಂತ ಇಂಗ್ಲಿಷ್‌ನಲ್ಲಿ ಚರ್ಚೆ ಮಾಡಿದ್ವಿ. ಮಾತು ತೀರ್ಮಾನಕ್ಕೆ ಬರಲಿಲ್ಲ. ಇಟಾರ್ಸಿ ದಾಟಿ ನರ್ಮದೆ ಬಂದಾಗ ರಾತ್ರಿ ಬಹಳವಾಗಿತ್ತು. ಆಗಲೂ ಕೆಳಗಿಂದ ಅದೇ ಪ್ರಶ್ನೆ.

ಮೂರನೇ ಬೆಳಿಗ್ಗೆ ಕಿಟಕಿಯ ಆಚೆ ಬರೀ ಬಿಳಿ. ಉತ್ತರದ ಮಂಜು ಅಂತ ಸುದ್ದಿಯಲ್ಲಿ ಕೇಳಿದ್ವಿ, ಕಂಡಿದ್ದು ಅವತ್ತೇ. ಪಕ್ಕದ ಹಳಿ ಕೂಡ ಕಾಣ್ತಿರಲಿಲ್ಲ. ಇಂಥ ಹೊತ್ತಲ್ಲಿ ಚಾಲಕರಿಗೆ ಸಿಗ್ನಲ್ ಹತ್ತಿರ ಹೋಗೋ ತನಕ ಕಾಣಲ್ಲ. ಅದಕ್ಕೆ ಸಿಗ್ನಲ್‌ಗೆ ಮೊದಲೇ ಹಳಿ ಮೇಲೆ ಪಟಾಕಿಯಂಥ ಡೆಟೊನೇಟರ್ ಇಟ್ಟು, ಗಾಲಿ ಹತ್ತಿದಾಗ ಢಂ ಅಂದ್ರೆ ಎಚ್ಚರ ಆಗೋ ಹಳೇ ಪದ್ಧತಿ ಇದೆ. ಈಗ ಜಿಪಿಎಸ್ ಆಧಾರದ ಫಾಗ್ ಪಾಸ್ ಅನ್ನೋ ಸಾಧನ ಮುಂದಿನ ಸಿಗ್ನಲ್ ಎಷ್ಟು ದೂರ ಅಂತ ಮೊದಲೇ ತಿಳಿಸುತ್ತೆ. ಇಷ್ಟೆಲ್ಲ ಇದ್ರೂ ವೇಗ ತಗ್ಗಿಸಲೇಬೇಕು. ಗ್ವಾಲಿಯರ್ ಬಿಟ್ಟ ಮೇಲೆ ರೈಲು ಹತ್ತು ನಿಮಿಷ ಹೋಗೋದು, ಇಪ್ಪತ್ತು ನಿಮಿಷ ನಿಲ್ಲೋದು.

ಹೀಗೆ ನಿಂತಾಗ ಎಸಿಯ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಚಿಕ್ಕಪ್ಪನ ಮಗ ಕೇಳಿದ, "ಅಜ್ಜಿ, ಹರಿದ್ವಾರ ಆದ್ಮೇಲೆ ನಮ್ಮನೆಗೆ ಬರ್ತೀಯಂತೆ, ಹೌದಾ?"

ಯಾರೂ ಉಸಿರು ಬಿಡ್ಲಿಲ್ಲ. ಅಜ್ಜಿ ಶಾಲು ಸರಿ ಮಾಡ್ಕೊಂಡು ಅವನಿಗೇ ಉತ್ತರ ಕೊಟ್ರು.

"ನಾನೇನು ಟಿಸಿನಾ ಮಗ, ಮೂರು ತಿಂಗಳಿಗೊಂದು ಬೋಗಿ ಸುತ್ತೋಕೆ?"

ಚಿಕ್ಕಮ್ಮ ಅಳೋಕೆ ಶುರು ಮಾಡಿದ್ರು. ದೊಡ್ಡಪ್ಪ, "ಅಮ್ಮಾ, ನಿನ್ನ ದೂರ ಮಾಡೋಕಲ್ಲ. ರಾತ್ರಿ ಫೋನ್ ಬಂದ್ರೆ ಎದೆ ನಿಂತ ಹಾಗಾಗುತ್ತೆ. ನೀನು ಒಬ್ಳೇ ಬಿದ್ದಿದ್ದೆ ಅಲ್ಲಿ" ಅಂದ್ರು. ಅಷ್ಟು ದೊಡ್ಡ ಮನುಷ್ಯರ ದನಿ ನಡುಗಿದ್ದನ್ನ ನಾವು ಅಜ್ಜ ಹೋದ ದಿನ ಬಿಟ್ರೆ ಅವತ್ತೇ ಕೇಳಿದ್ದು.

"ಬಿದ್ದಿದ್ದು ಬಚ್ಚಲಲ್ಲಿ" ಅಂದ್ರು ಅಜ್ಜಿ. "ಬಚ್ಚಲು ಸರಿ ಮಾಡ್ಸಿ. ಅದಕ್ಕೆ ಮನೆ ಯಾಕೆ ಮಾರ್ತೀರಾ?"

ಆಮೇಲೆ ಎರಡು ಗಂಟೆ ಹೊತ್ತು ಆ ಮಾತುಕತೆ ನಡೀತು. ರೈಲು ನಿಂತಿತ್ತು, ಯಾರೂ ಎದ್ದು ಹೋಗೋ ಹಾಗಿರಲಿಲ್ಲ. ಮನೆಯಲ್ಲಾಗಿದ್ರೆ ಇಷ್ಟರಲ್ಲಿ ಒಬ್ಬರಿಗೆ ಫೋನ್ ಬರ್ತಿತ್ತು, ಇನ್ನೊಬ್ಬರು ಗಾಡಿ ತೆಗೆದು ಹೊರಡ್ತಿದ್ರು. ಹಳೇ ಲೆಕ್ಕಗಳೂ ಹೊರಬಂದವು. ಅಜ್ಜನ ಆಸ್ಪತ್ರೆ ಖರ್ಚು ಯಾರು ಎಷ್ಟು ಕೊಟ್ರು, ಅತ್ತೆಗೆ ಯಾಕೆ ಯಾರೂ ಏನೂ ಕೇಳಲ್ಲ, ಹಬ್ಬಕ್ಕೆ ಯಾರು ಬರಲ್ಲ. ಕೆಲವು ಮಾತು ಇಲ್ಲಿ ಬರೆಯೋಕಾಗಲ್ಲ. ಕೊನೆಗೆ ಅಜ್ಜಿ ಹೇಳಿದ್ದು ಇಷ್ಟು. ಅವರು ಬದುಕಿರೋ ತನಕ ಮನೆ ಮಾರೋದು ಬೇಡ. ರಾತ್ರಿ ಮಲಗೋಕೆ ಪಕ್ಕದ ಮನೆಯ ಹೆಂಗಸು ಬರ್ತಾರೆ, ಅವರಿಗೆ ಸಂಬಳ ಕೊಡಬೇಕು. ಮಳೆಗಾಲ ಕಳೀಲಿ, ಆಮೇಲೂ ಕೈಲಾಗದಿದ್ರೆ ಎಲ್ಲಿಗೆ ಹೋಗ್ಬೇಕು ಅಂತ ಅವರೇ ಹೇಳ್ತಾರೆ. ದೊಡ್ಡಪ್ಪ ಒಪ್ಪಿದ್ರು ಅಂತ ಹೇಳಕ್ಕಾಗಲ್ಲ. ಸುಮ್ಮನಾದ್ರು. ನಾವು ಆಗ ಮೇಲಿನ ಬರ್ತ್‌ನಿಂದ ಇಳಿದು, ತಿಂಗಳಿಗೆ ಒಬ್ಬೊಬ್ಬರ ಹಾಗೆ ಶನಿವಾರ, ಭಾನುವಾರ ಅಲ್ಲಿಗೆ ಹೋಗ್ತೀವಿ ಅಂದ್ವಿ. "ನಾಲ್ಕು ತಿಂಗಳಿಗೊಂದು ಸಲ ತಾನೇ" ಅಂದ್ರು ಅಮ್ಮ, ನಂಬಿಕೆ ಇಲ್ಲದ ಹಾಗೆ.

ಮಂಜು ತಿಳಿಯಾಗ್ತಾ ಬಂದ ಹಾಗೆ ರೈಲು ಹೊರಟಿತು. ಮೊರೇನಾ ದಾಟಿದ ಮೇಲೆ ಎರಡೂ ಕಡೆ ಮಣ್ಣಿನ ಕೊರಕಲು, ದಿಬ್ಬ, ಮತ್ತೆ ಕೊರಕಲು. ಸಿನಿಮಾದಲ್ಲಿ ಡಕಾಯಿತರು ಓಡಾಡೋ ಜಾಗ. ಸೇತುವೆ ಸದ್ದು ಬಂತು. ಈ ಸಲ ಅಜ್ಜಿ ಕೇಳೋಕೆ ಮುಂಚೆ ಅತ್ತೆ, ಚಿಕ್ಕಪ್ಪ, ಅಪ್ಪ ಮೂವರೂ ಒಟ್ಟಿಗೆ "ಚಂಬಲ್" ಅಂದ್ರು. ದೊಡ್ಡಪ್ಪ ಮಾತಾಡ್ಲಿಲ್ಲ. ಆದ್ರೆ ಅಜ್ಜಿ ಕೈ ಮುಗಿದಾಗ ಅವರೂ ಮುಗಿದ್ರು.

ಹರಿದ್ವಾರದಲ್ಲಿ ಹರ್ ಕಿ ಪೌಡಿಯಲ್ಲಿ ಸರಪಳಿ ಹಿಡಿದು ಅಜ್ಜಿ ಮೂರು ಮುಳುಗು ಹಾಕಿದ್ರು. ನೀರು ಎಷ್ಟು ತಣ್ಣಗಿತ್ತು ಅಂದ್ರೆ ನಮ್ಮಲ್ಲಿ ಇಬ್ಬರು ಮೊಣಕಾಲಿಗೇ ನಿಂತ್ಬಿಟ್ಟರು. ಸ್ನಾನ ಆದ್ಮೇಲೆ ಹೇಳೋಣ ಅಂದಿದ್ದ ಮಾತು ಯಾರಿಗೂ ಬಾಕಿ ಇರಲಿಲ್ಲ. ಬಿಸಿ ಬಿಸಿ ಪೂರಿ ತಿಂದು ವಾಪಸ್ ಬಂದ್ವಿ.

ಜನವರಿಯಲ್ಲಿ ನಾವು ನಾಲ್ವರು ತಿಪಟೂರಿಗೆ ಹೋಗಿ ಬಚ್ಚಲಿನ ನುಣುಪು ಕಲ್ಲು ತೆಗೆಸಿ, ಜಾರದ ಟೈಲ್ಸ್ ಹಾಕಿಸಿದ್ವಿ. ಗೋಡೆಗೆ ಹಿಡಿಕೆ ಕೂರಿಸೋವಾಗ ಸಿವಿಲ್‌ನವನು ಹಳೇ ಮಣ್ಣಿನ ಗೋಡೆಯಲ್ಲಿ ಬೋಲ್ಟ್ ನಿಲ್ಲಲ್ಲ ಅಂತ ಕಂಡುಹಿಡಿದು, ನೆಲದಿಂದಲೇ ಕಬ್ಬಿಣದ ಕಂಬ ಎಬ್ಬಿಸಿದ. ಇಸಿ ಓದೋರು ಯಾರಾದ್ರೂ ಓಡಾಡಿದ್ರೆ ತಾನೇ ಹತ್ತೋ ದೀಪ ಹಾಕಿದ್ರು. ಅದು ಬೆಕ್ಕು ಬಂದರೂ ಹತ್ತುತ್ತೆ ಅಂತ ಅಜ್ಜಿ ದೂರು ಹೇಳ್ತಾರೆ. ಮನೆ ವಿಷಯ ಪೂರ್ತಿ ಮುಗಿದಿಲ್ಲ. ಒಬ್ಬ ಬ್ರೋಕರ್ ದೊಡ್ಡಪ್ಪನಿಗೆ ಫೋನ್ ಮಾಡ್ತಾನೇ ಇದಾನೆ. ಮಳೆಗಾಲ ಇನ್ನೂ ಮುಂದಿದೆ.

ನಿಮ್ಮ ಮನೆಯಲ್ಲೂ ಯಾವುದಾದ್ರೂ ಮಾತು ಬಾಗಿಲು ಹಾಕ್ಕೊಂಡೇ ನಡೀತಿದ್ರೆ, ಮುಂದಿನ ರಜೆಗೆ ಎಲ್ಲರನ್ನೂ ಒಂದೇ ಬೋಗಿಗೆ ಹತ್ತಿಸಿ ನೋಡಿ. 60 ದಿನ ಮೊದಲು, ಬೆಳಿಗ್ಗೆ ಎಂಟಕ್ಕೆ. ಲೋಯರ್ ಬರ್ತ್ ಟಿಕೆಟ್ ಬೇರೆ ಮಾಡೋದು ಮರೀಬೇಡಿ. ನಮ್ಮನ್ನು ಈ ಶನಿವಾರ ಕ್ಲಬ್ಬಿನ ಮೀಟಿಂಗ್‌ಗೆ ಕಾಯಬೇಡಿ, ತಿಪಟೂರಿನ ಸರದಿ ಇದೆ.