ಉಸಿರು ಕಟ್ಟಿದ ಕೋವಿ

ಬಲೂನು ಅಂಗಡಿಯವನ ಕೋವಿಗೆ ನಳಿಗೆ ಸೊಟ್ಟಗಿರುತ್ತದೆ ಅನ್ನುವುದು ನಮ್ಮೂರಿನ ಹುಡುಗರಿಗೆಲ್ಲ ಗೊತ್ತಿದ್ದ ಶಾಸ್ತ್ರ. ಅರಸೀಕೆರೆ ಸೀಮೆಯ ನಮ್ಮ ಜಾತ್ರೆಯಲ್ಲಿ ತೇರಿನ ಬೀದಿ ಮುಗಿಯುವ ಕಡೆ ಅವನು ಗೋಣಿತಾಟಿನ ಪರದೆಗೆ ಸಾಲಾಗಿ ಬಲೂನು ಸಿಕ್ಕಿಸಿ, ಎರಡು ರೂಪಾಯಿಗೆ ಐದು ಈಡು ಕೊಡುತ್ತಿದ್ದ. ಎಡಕ್ಕೆ ಎಳೆಯುತ್ತೆ, ನಾಲ್ಕು ಬೆರಳು ಬಲಕ್ಕೆ ಹಿಡಿ ಎಂದು ಬಲ್ಲವರು ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು. ಬಲಕ್ಕೆ ಹಿಡಿದರೆ ಬಲಕ್ಕೇ ಹೋಗುತ್ತಿತ್ತು. ಏಳು ಜಾತ್ರೆಗಳಲ್ಲಿ ನಾನು ಒಡೆದ ಬಲೂನು ಒಂದೇ. ಅದೂ ಗುರಿಯಿಟ್ಟದ್ದಲ್ಲ, ಅದರ ಪಕ್ಕದ್ದು.

ಇಂಥವನು ನಲವತ್ತೈದು ದಾಟಿದ ಮೇಲೆ, ಇಂಗ್ಲೆಂಡಿನ ನಾರ್ಫೋಕ್‌ನ ಒಂದು ಬಟಾಣಿ ಹೊಲದ ಬದುವಿನಲ್ಲಿ, ಬೋರಲು ಮಲಗಿ ಮೊಲ ಕಾಯುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಮ್ಮ ಸೋದರಮಾವನೇ ಮೊದಲು ನಗುತ್ತಿದ್ದ.

ಕೆಲಸ ಕೇಂಬ್ರಿಜ್‌ನಲ್ಲಿ, ಬಾಡಿಗೆ ಅಗ್ಗ ಎಂದು ಮನೆ ಥೆಟ್‌ಫರ್ಡ್‌ನಲ್ಲಿ. ಪಕ್ಕದ ಮನೆಯವರು ಕಾಗದ ಹಂಚಿ ನಿವೃತ್ತರಾದವರು, ಎಪ್ಪತ್ತು ದಾಟಿದವರು. ನಮ್ಮ ಮನೆಯಲ್ಲಿ ಅವರಿಗೆ ಅಂಚೆಯಜ್ಜ ಅಂತಲೇ ಹೆಸರು. ಒಂದು ಭಾನುವಾರ ಅವರ ಶೆಡ್ಡಿನಲ್ಲಿ ಕೋವಿಯೊಂದನ್ನು ಒರೆಸುತ್ತಿದ್ದರು. ಅದರ ಮೇಲೆ ಬಿ.ಎಸ್.ಎ. ಎಂಬ ಮೂರು ಅಕ್ಷರ ಕಂಡು ನಾನು ಬೇಲಿಯಾಚೆಯಿಂದಲೇ, ‘ಅದು ನನ್ನ ಸೈಕಲ್ಲು!’ ಎಂದೆ. ಹೈಸ್ಕೂಲಿಗೆ ಹೋಗುವಾಗ ನಾನು ತುಳಿದದ್ದು ಬಿ.ಎಸ್.ಎ. ಎಸ್.ಎಲ್.ಆರ್. ಆ ಅಕ್ಷರಗಳಿಗೆ ಅರ್ಥವಿದೆ ಎಂದು ಅಂದಿನವರೆಗೂ ನನಗೆ ಹೊಳೆದಿರಲಿಲ್ಲ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಅಂದರೆ ಬರ್ಮಿಂಗ್‌ಹ್ಯಾಮಿನ ಸಣ್ಣ ಆಯುಧಗಳು. 1861ರಲ್ಲಿ ಬಂದೂಕು ಮಾಡಲೆಂದು ಹುಟ್ಟಿದ ಕಂಪನಿ, ಸರ್ಕಾರ ಬಂದೂಕು ಕೇಳದ ವರ್ಷಗಳಲ್ಲಿ ಹೊಟ್ಟೆಪಾಡಿಗೆ ಸೈಕಲ್ಲಿಗಿಳಿಯಿತಂತೆ. 1905ರ ಸುಮಾರಿಗೆ ಲಿಂಕನ್ ಜೆಫ್ರೀಸ್ ಎಂಬಾತನ ವಿನ್ಯಾಸ ಹಿಡಿದು ಗಾಳಿಕೋವಿಯನ್ನೂ ಮಾಡತೊಡಗಿತು. ಆ ಹೆಸರು ಹೇಗೋ ಮದ್ರಾಸಿನ ಕಾರ್ಖಾನೆಗೆ ಬಂದು, ಅಲ್ಲಿಂದ ನಮ್ಮೂರಿಗೂ ಬಂತು. ನಾನು ಐದು ವರ್ಷ ಒಂದು ಶಸ್ತ್ರಾಗಾರದ ಹೆಸರಿನ ಮೇಲೆ ಕೂತು ಗಣಿತದ ಟ್ಯೂಷನ್ನಿಗೆ ಹೋಗಿಬಂದಿದ್ದೆ.

ಅಂಚೆಯಜ್ಜ ಕೋವಿಯನ್ನು ಕೈಗೆ ಕೊಟ್ಟರು. ಮದ್ದಿಲ್ಲ, ಬೆಂಕಿಯಿಲ್ಲ, ನಳಿಗೆಯ ಕೆಳಗೆ ಒಂದು ಉಕ್ಕಿನ ಸಿಲಿಂಡರು, ಅದರಲ್ಲಿ ಒತ್ತಿ ತುಂಬಿದ ಗಾಳಿ. ಕುದುರೆ ಎಳೆದರೆ ಒಂದು ಗುಟುಕು ಗಾಳಿ ಬಿಡುಗಡೆಯಾಗಿ ಸೀಸದ ಗುಂಡನ್ನು ನೂಕುತ್ತದೆ. ಅಷ್ಟೇ. ಅವ್ವನ ಊದುಗೊಳವೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ಯೋಚಿಸಿದೆ. ಅವಳು ಕೆಮ್ಮುತ್ತಾ ಊದುತ್ತಿದ್ದಳು, ಇದು ಕೆಮ್ಮದೆ ಊದುತ್ತದೆ. ಕೋವಿ ಅನ್ನುವ ಮಾತಿಗೂ ಮೊದಲ ಅರ್ಥ ಕೊಳವೆ ಅಂತಲೇ. ಇನ್ನು ಆ ಗುಂಡು, ಗುಂಡಗಿಲ್ಲ. ನಡು ಸಣ್ಣ, ಎರಡು ತುದಿ ದಪ್ಪ. ಹೆಬ್ಬೆರಳಿನ ಉಗುರಿನ ಮೇಲೆ ನಿಲ್ಲಿಸಿದರೆ ಶಿವನ ಕೈಯಿಂದ ಜಾರಿದ ಡಮರುಗ.

ಇದನ್ನು ಮಕ್ಕಳ ಆಟಿಕೆ ಎಂದುಕೊಂಡಿದ್ದವನಿಗೆ ಅಜ್ಜ ಒಂದು ಕತೆ ಹೇಳಿದರು, ಅದು ನಿಜವೇ ಎಂದು ಆಮೇಲೆ ಪುಸ್ತಕದಲ್ಲಿ ನೋಡಿಕೊಂಡೆ. 1780ರ ಸುಮಾರಿಗೆ ಟಿರೋಲ್ ಸೀಮೆಯ ಜಿರಾಂಡೋನಿ ಎಂಬ ಕುಶಲಿ ಆಸ್ಟ್ರಿಯಾದ ಸೈನ್ಯಕ್ಕೆ ಗಾಳಿಕೋವಿ ಮಾಡಿಕೊಟ್ಟ. ಉಳಿದವರೆಲ್ಲ ಈಡಿಗೊಮ್ಮೆ ಮದ್ದು ಸುರಿದು, ಗಜ ಹಾಕುತ್ತಿದ್ದಾಗ ಇದು ಒಂದರ ಹಿಂದೊಂದು ಇಪ್ಪತ್ತು ಈಡು ಹೊಡೆಯುತ್ತಿತ್ತು. ಹೊಗೆಯಿಲ್ಲ, ಮಳೆಗೆ ಮದ್ದು ನೆನೆಯುವ ಭಯವಿಲ್ಲ. ಕಷ್ಟವೆಲ್ಲ ಗಾಳಿ ತುಂಬುವುದರಲ್ಲಿ: ಕೈಪಂಪಿನಲ್ಲಿ ಸುಮಾರು ಒಂದೂವರೆ ಸಾವಿರ ಸಲ ಒತ್ತಬೇಕು. ಸಿಪಾಯಿಗಳಿಗೆ ಸಾಕಾಗಿ ಹೋಯಿತೆಂದು ಕಾಣುತ್ತದೆ, ಸೈನ್ಯ ಅದನ್ನು ಕೈಬಿಟ್ಟಿತು. ಅಂಥದೊಂದನ್ನೇ ಲೂಯಿಸ್ ಮತ್ತು ಕ್ಲಾರ್ಕ್ 1803ರಲ್ಲಿ ಅಮೆರಿಕದ ಪಶ್ಚಿಮಕ್ಕೆ ಹೊತ್ತೊಯ್ದು, ದಾರಿಯಲ್ಲಿ ಸಿಕ್ಕ ಮೂಲನಿವಾಸಿಗಳ ಮುಂದೆ ಢಂ ಅನ್ನಿಸದೆ ಹೊಡೆದು ತೋರಿಸಿ ಬೆರಗು ಹುಟ್ಟಿಸುತ್ತಿದ್ದರು. ಜಾತ್ರೆಯ ಬಲೂನಂಗಡಿಯವನಿಗೆ ಇಷ್ಟು ದೊಡ್ಡ ಮನೆತನವಿತ್ತು ಎಂದು ಯಾರಿಗೆ ಗೊತ್ತಿತ್ತು.

ಕೋವಿ ಹಿಡಿದ ಮಾತ್ರಕ್ಕೆ ಅಜ್ಜ ಹೊಲಕ್ಕೆ ಕರೆದೊಯ್ಯಲಿಲ್ಲ. ಅವರ ಹಿತ್ತಲಲ್ಲಿ ನಾಲ್ಕು ತಿಂಗಳು ಕಾಗದಕ್ಕೆ ಹೊಡೆದೆ. ಇಪ್ಪತ್ತೈದು ಗಜದಿಂದ ಹತ್ತಕ್ಕೆ ಹತ್ತೂ ಒಂದು ನಾಣ್ಯದ ಅಗಲದೊಳಗೆ ಬೀಳಬೇಕು, ಆಮೇಲೆ ಮಾತು. ಇಲ್ಲಿ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಗಾಳಿಕೋವಿಯ ಶಕ್ತಿ ಹನ್ನೆರಡು ಅಡಿ-ಪೌಂಡು, ಹದಿನಾರು ಜೂಲಿನಷ್ಟು. ಅದು ಮೊಲದ ಮೈಗೆ ಬಿದ್ದರೆ ಪ್ರಾಣಿ ನರಳಿಕೊಂಡು ಬಿಲ ಸೇರುತ್ತದೆ. ಕಣ್ಣಿಗೂ ಕಿವಿಗೂ ನಡುವೆ ಬೀಳಬೇಕು, ಬಿದ್ದರೆ ಅದಕ್ಕೆ ಸದ್ದೂ ಕೇಳಿಸುವುದಿಲ್ಲ. ಆ ಜಾಗ ಒಂದು ನಾಣ್ಯದಷ್ಟೇ ಇರುವುದು. ಜಾತ್ರೆಯಲ್ಲಿ ಸೊಟ್ಟಗಿದ್ದದ್ದು ನಳಿಗೆಯಲ್ಲ, ನನ್ನ ಉಸಿರು ಎಂದು ಗೊತ್ತಾದದ್ದು ಆ ಹಿತ್ತಲಲ್ಲಿ. ಉಸಿರು ಅರ್ಧ ಬಿಟ್ಟು, ಅಲ್ಲಿ ತಡೆದು, ಎದೆಯ ಎರಡು ಬಡಿತದ ನಡುವೆ ಬೆರಳು ಒತ್ತಬೇಕು. ಕೋವಿ ಗಾಳಿ ಕಟ್ಟಿಕೊಂಡಿರುತ್ತದೆ, ನಾವೂ ಕಟ್ಟಿಕೊಳ್ಳಬೇಕು.

ಜುಲೈ ತಿಂಗಳು. ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಹೀಗಾಗಿ ಆಫೀಸಿಂದ ಬಂದು, ಅನ್ನ ಸಾರು ಉಂಡು, ಬೇಟೆಗೆ ಹೋಗಬಹುದು. ಇಲ್ಲಿಯ ಬೇಟೆಗಾರರು ಹೊಲಕ್ಕೇ ‘ಪರ್ಮಿಷನ್’ ಅನ್ನುತ್ತಾರೆ. ‘ನನ್ನ ಹತ್ತಿರ ಮೂರು ಪರ್ಮಿಷನ್ ಇವೆ’ ಎಂದರೆ ಮೂವರು ರೈತರು ಒಪ್ಪಿ ಕಾಗದ ಕೊಟ್ಟಿದ್ದಾರೆ ಎಂದರ್ಥ. ಅಜ್ಜನ ಜೇಬಿನಲ್ಲಿ ಆ ಕಾಗದ ನಾಲ್ಕು ಮಡಿಕೆಯಾಗಿತ್ತು. ನನಗೂ ಈ ದೇಶದಲ್ಲಿ ಇರಲು ಅಂಥದೇ ಒಂದು ಕಾಗದವಿದೆ, ಆದ್ದರಿಂದ ಆ ಮಾತು ಕೇಳಿದಾಗಲೆಲ್ಲ ಕೈ ತಾನಾಗಿ ಜೇಬು ತಡವುತ್ತದೆ.

ಹೊಲದ ತುದಿಯಲ್ಲಿ ಹಕ್ಕಿ ಬೆದರಿಸುವ ಗ್ಯಾಸಿನ ಯಂತ್ರವೊಂದು ಹೊತ್ತಿಗೊಮ್ಮೆ ಢಮಾರ್ ಅನ್ನುತ್ತಿತ್ತು. ಕಾಡುಪಾರಿವಾಳಗಳು ಅದಕ್ಕೆ ಹೊಂದಿಕೊಂಡಿದ್ದವು: ಸದ್ದಿಗೆ ರೆಕ್ಕೆ ಚಟಚಟಿಸಿ ಮೇಲೆದ್ದು, ಒಂದು ಸುತ್ತು ಹಾಕಿ, ಯಂತ್ರದ ಪಕ್ಕದಲ್ಲೇ ಇಳಿಯುತ್ತಿದ್ದವು. ನಮ್ಮ ಜೋಳದ ಹೊಲದ ಅಟ್ಟಣೆಯ ಮೇಲೆ ಕವಣೆ ಬೀಸಿ, ಡಬ್ಬ ಬಡಿದು ಗಂಟಲು ಹರಿದುಕೊಂಡವನು ನಾನು. ಆ ಹಕ್ಕಿಗಳ ನಿರ್ಲಕ್ಷ್ಯ ನನಗೆ ಹೊಸದಲ್ಲ. ಆದರೆ ಅವುಗಳ ಗಾತ್ರ ಹೊಸದು. ಕತ್ತಿಗೆ ಬಿಳಿ ಮಚ್ಚೆ, ಗುಲಾಬಿ ಎದೆ, ಒಂದೊಂದೂ ಅರ್ಧ ಕಿಲೋ ತೂಗುತ್ತದೆ. ಶಿಬಿ ಚಕ್ರವರ್ತಿಯ ತೊಡೆಯ ಮೇಲೆ ಇಂಥದು ಬಂದು ಕೂತಿದ್ದರೆ ಕತೆ ಇನ್ನಷ್ಟು ಉದ್ದವಾಗುತ್ತಿತ್ತು. ಇವನ್ನು ಹೊಡೆಯಲು ಸರ್ಕಾರದ ಸಾಮಾನ್ಯ ಪರವಾನಗಿಯಿದೆ, ಬೆಳೆಗೆ ದೊಡ್ಡ ಹಾನಿ ತಡೆಯಲು ಮಾತ್ರ ಎಂಬ ಷರತ್ತಿನೊಂದಿಗೆ. ಅಜ್ಜ ಓಕ್ ಮರದಿಂದ ಎರಡನ್ನು ಇಳಿಸಿದರು. ಅಲ್ಲೇ ಒಂದರ ಕೊರಳಚೀಲ ಸೀಳಿ ನನ್ನ ಅಂಗೈಗೆ ಸುರಿದರು. ಹಸಿರು ಬಟಾಣಿ, ಬಿಸಿಯಾಗಿತ್ತು. ಎಣಿಸಲು ಹೋಗಿ ನಲವತ್ತಕ್ಕೆ ನಿಲ್ಲಿಸಿದೆ.

ಮೊಲಗಳು ಬೇರೆ ಬಗೆ. ಬೇಲಿಯ ಬುಡದಿಂದ ಒಂದೊಂದಾಗಿ, ಯಾರೋ ಮರೆತು ಇಟ್ಟುಹೋದ ಮಣ್ಣಹೆಂಟೆಯ ಹಾಗೆ ಕಾಣಿಸಿಕೊಳ್ಳುತ್ತವೆ. ಅಜ್ಜ ಪಿಸುಗುಟ್ಟಿದರು: ‘ಇವು ಇಲ್ಲಿಯವಲ್ಲ.’

ಅದೂ ನಿಜವೇ. ಇವುಗಳ ತವರು ಸ್ಪೇನ್, ಪೋರ್ಚುಗಲ್. ಇಲ್ಲಿ ನೆಲೆಯೂರಿಸಿದವರು ನಾರ್ಮನ್ ದೊರೆಗಳು, ಮಾಂಸಕ್ಕೂ ತುಪ್ಪಳಕ್ಕೂ. ಆಗ ಇವು ಎಷ್ಟು ನಾಜೂಕಿನ ಪ್ರಾಣಿಗಳೆಂದರೆ, ಮಣ್ಣಿನ ದಿಬ್ಬ ಎಬ್ಬಿಸಿ ಬಿಲಕ್ಕೆ ಅನುಕೂಲ ಮಾಡಿಕೊಟ್ಟು, ಚಳಿಗಾಲದಲ್ಲಿ ಮೇವು ಹಾಕಿ ಸಾಕಬೇಕಿತ್ತು. ಥೆಟ್‌ಫರ್ಡ್ ಕಾಡಿನಂಚಿನಲ್ಲಿ 1400ರ ಸುಮಾರಿಗೆ ಮಠದವರು ಕಟ್ಟಿಸಿದ ಕಲ್ಲಿನ ಮನೆಯೊಂದು ಇನ್ನೂ ನಿಂತಿದೆ, ಕೋಟೆಯಂಥ ಗೋಡೆ. ಒಳಗಿದ್ದದ್ದು ಕಾವಲುಗಾರರು, ಕಾಯುತ್ತಿದ್ದದ್ದು ಬೇಟೆಯ ಪ್ರಾಣಿಗಳನ್ನು, ಕಾಲಕ್ರಮದಲ್ಲಿ ಮೊಲಗಳನ್ನು. ಮನಸ್ಸು ಬಂದಂತೆ ಯಾರೂ ಹೊಡೆಯುವಂತಿರಲಿಲ್ಲ, ಅದು ಒಡೆಯರ ಸೊತ್ತು. ಬೇಸಾಯಗಾರ ತನ್ನ ಪೈರು ತಿನ್ನುವ ಮೊಲವನ್ನು ತಾನೇ ಕೊಲ್ಲಬಹುದು ಎಂಬ ಹಕ್ಕು ಕಾಯ್ದೆಯಾಗಿ ಬಂದದ್ದು 1880ರಲ್ಲಿ. ಪಕ್ಕದ ಬ್ರ್ಯಾಂಡನ್ ಪಟ್ಟಣ ಮೊಲದ ತುಪ್ಪಳ ಹದಮಾಡಿಯೇ ಬದುಕಿತು, ಟೋಪಿಗಳಿಗೆ. ಮಹಾಯುದ್ಧದ ಪಡಿತರದ ದಿನಗಳಲ್ಲಿ ಅಜ್ಜನ ತಾಯಿ ಮಾಡಿದ್ದು ಮೊಲದ ಕಡುಬು. 1953ರಲ್ಲಿ ಕೆಂಟ್ ಸೀಮೆಗೆ ಮಿಕ್ಸೊಮಟೋಸಿಸ್ ಎಂಬ ರೋಗ ಬಂತು. ಎರಡೇ ವರ್ಷದಲ್ಲಿ ದೇಶದ ನೂರಕ್ಕೆ ತೊಂಬತ್ತೊಂಬತ್ತು ಮೊಲ ಸತ್ತವು. ಕಣ್ಣು ಊದಿಕೊಂಡು, ಕುರುಡಾಗಿ, ರಸ್ತೆಯ ನಡುವೆ ಕೂತಿರುತ್ತಿದ್ದವು ಎಂದು ಅಜ್ಜನ ಅಪ್ಪ ಹೇಳುತ್ತಿದ್ದರಂತೆ. ರೋಗ ಬಂದ ಮರುವರ್ಷವೇ ಆದ ಕಾಯ್ದೆ ಮೊಲಗಳನ್ನು ಹತೋಟಿಯಲ್ಲಿಡುವುದು ಜಮೀನಿನವನ ಹೊಣೆ ಎಂದಿತು. ಈಗಿನ ತಮಾಷೆ ಕೇಳಿ. ರಸ್ತೆಯಾಚೆಯ ಮರಳು ಬಯಲಿನಲ್ಲಿ ಪರಿಸರದವರು ಮೊಲ ಕಡಿಮೆಯಾಯಿತೆಂದು ಚಿಂತಿಸಿ, ಅವಕ್ಕೆ ಮರೆಯಾಗಲಿ ಎಂದು ಕಟ್ಟಿಗೆಯ ಗುಡ್ಡೆ ಒಟ್ಟಿದ್ದಾರೆ. ಮೊಲ ಮೇದು ಹುಲ್ಲು ಗಿಡ್ಡವಾದರೆ ಮಾತ್ರ ಅಲ್ಲಿ ಕಲ್ಲುಗೊರವ ಎಂಬ ಹಕ್ಕಿ ಗೂಡಿಡುತ್ತದೆ. ಬಟಾಣಿಯ ಕಡೆ ಬಂದರೆ ಕಳ್ಳ, ಗೊರವದ ಕಡೆ ಹೋದರೆ ನೆಂಟ. ತವರಿನಲ್ಲೇ ಈಗ ಮೊಲ ಅಳಿವಿನಂಚಿನ ಪಟ್ಟಿಯಲ್ಲಿದೆ.

‘ಎಷ್ಟು ವರ್ಷವಾದರೆ ಇಲ್ಲಿಯವು ಅನ್ನಬಹುದು?’ ಎಂದು ಕೇಳಿದೆ. ಅಜ್ಜ ನನ್ನ ಮುಖ ನೋಡಿದರು. ಆಮೇಲೆ ‘ಸದ್ದು ಮಾಡಬೇಡ’ ಎಂದರು.

ಈ ಊರಿನಲ್ಲಿ ನನಗಿಂತ ಮೊದಲು ಕೋವಿ ಹಿಡಿದ ನಮ್ಮ ಕಡೆಯವನೊಬ್ಬನಿದ್ದ. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್. ರಾಜ್ಯವನ್ನೂ ಕೊಹಿನೂರನ್ನೂ ಕಳೆದುಕೊಂಡ ಹುಡುಗ, 1863ರಲ್ಲಿ ಇಲ್ಲಿಗೆ ಹತ್ತಿರದ ಎಲ್ವೆಡನ್ ಎಸ್ಟೇಟು ಕೊಂಡು, ಇಂಗ್ಲೆಂಡಿನ ಹೆಸರಾಂತ ಗುರಿಕಾರರಲ್ಲಿ ಒಬ್ಬನಾದ. ಥೆಟ್‌ಫರ್ಡ್‌ನ ನದಿಯ ನಡುಗಡ್ಡೆಯಲ್ಲಿ ಕುದುರೆಯ ಮೇಲೆ ಕೂತ ಅವನ ಪ್ರತಿಮೆಯಿದೆ. ಅವನು ಅಷ್ಟು ಹಕ್ಕಿ ಹೊಡೆದದ್ದು ಯಾವ ಸಿಟ್ಟಿಗೆ ಎಂದು ನನಗೆ ಆಗಾಗ ಅನ್ನಿಸುವುದುಂಟು. ಸಿಟ್ಟೇ ಇರಲಿಲ್ಲವೇನೋ. ಹೊತ್ತು ಹೋಗಬೇಕಲ್ಲ.

ಎಂಟೂ ಮುಕ್ಕಾಲಿಗೆ ಅಜ್ಜ ಕೋವಿಯನ್ನು ನನ್ನ ಕಡೆ ಸರಿಸಿದರು. ದುರ್ಬೀನಿನೊಳಗೆ ಮೊಲ ದೊಡ್ಡದಾಗಿತ್ತು. ಬಿಸಿಲು ಕಿವಿಯ ಹಿಂದಿನಿಂದ ಬಂದು ನರಗಳು ಕೆಂಪಗೆ ಕಾಣುತ್ತಿದ್ದವು. ಮೆಲ್ಲುತ್ತಿತ್ತು. ಉಸಿರು ಅರ್ಧ ಬಿಟ್ಟೆ. ಇಂಥ ಕಡೆ ಬರೆಯುವವನ ಕೈ ನಡುಗಿ, ಕರುಣೆ ಉಕ್ಕಿ, ಕೋವಿ ಕೆಳಗಿಳಿಯುವುದು ವಾಡಿಕೆ. ನನ್ನದು ನಡುಗಲಿಲ್ಲ. ಫಸ್ ಎಂದು ಒಂದು ಸಣ್ಣ ಸದ್ದು, ಹಿಂದೆಯೇ ಮೊಸರಿನ ಕುಡಿಕೆ ತಟ್ಟಿದಂಥ ಇನ್ನೊಂದು. ಮೊಲ ಪಕ್ಕಕ್ಕೆ ವಾಲಿತು. ಬೇರೆ ಯಾವುದೋ ಮೊಲ ಹಿಂಗಾಲನ್ನು ನೆಲಕ್ಕೆ ಕುಟ್ಟಿತು, ಬಯಲೆಲ್ಲ ಬಿಳಿ ಬಾಲಗಳು ಮಿಂಚಿ ಖಾಲಿಯಾಯಿತು. ನನಗೆ ಆದದ್ದು ಸಂತೋಷ. ಗುರಿಯಿಟ್ಟ ಬಲೂನೇ ಒಡೆದ, ಮೂವತ್ತೈದು ವರ್ಷ ತಡವಾದ ಸಂತೋಷ. ನಡೆದು ಹೋಗಿ ಅದನ್ನು ಎತ್ತಿದಾಗ ಮೈ ಬಿಸಿಯಿತ್ತು, ಬಾಯಲ್ಲಿ ಒಂದು ಹುಲ್ಲೆಸಳು ಅರ್ಧ ಹೊರಗಿತ್ತು. ಆಗ ಆದದ್ದೇ ಬೇರೆ. ಅದಕ್ಕೆ ಹೆಸರು ಸಿಕ್ಕಿಲ್ಲ.

ಅಜ್ಜ ಕೆಲಸದವರಂತೆ ಕೆಲಸ ಮುಗಿಸಿದರು. ಮೊದಲು ಹೊಟ್ಟೆ ಒತ್ತಿ ಉಚ್ಚೆ ಹೊಯ್ಯಿಸಿದರು, ಇಲ್ಲದಿದ್ದರೆ ಮಾಂಸ ಕೆಡುತ್ತದೆ. ಕರುಳು ತೆಗೆದು ಗುಂಡಿಗೆ ಹಾಕಿದರು. ಒಂದು ಹಿಂಗಾಲಿನ ನರಕ್ಕೂ ಮೂಳೆಗೂ ನಡುವೆ ಚಾಕುವಿನ ಮೊನೆ ತೂರಿಸಿ, ಆ ಸಂದಿಯಲ್ಲಿ ಇನ್ನೊಂದು ಕಾಲು ಸಿಕ್ಕಿಸಿದರು. ಕೋಲಿಗೆ ನೇತುಹಾಕಲು ಹಗ್ಗವೇ ಬೇಡ.

ನಮ್ಮ ಸೋದರಮಾವನಿಗೂ ಒಂದು ಏರ್‌ಗನ್ ಇತ್ತು. ತೆಂಗಿನ ತೋಟದ ಬೆಳವಗಳು ಅದಕ್ಕೆ ಹೆದರುತ್ತಿರಲಿಲ್ಲ. ಆದರೆ ಅವನ ಮಾತಿನಲ್ಲಿ ಬೀಳುತ್ತಿದ್ದದ್ದು ಮೊಲಗಳು, ನಮ್ಮ ಕುರುಚಲಿನ ಕಪ್ಪುಕತ್ತಿನ ಮೊಲಗಳು, ಬಿಲ ತೋಡದ, ಕಣ್ಣುಬಿಟ್ಟೇ ಹುಟ್ಟುವ ಜಾತಿ. ಅವನ್ನು ಮನಬಂದಂತೆ ಹೊಡೆಯಬಾರದೆಂಬ ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಆದ್ದರಿಂದ ಮಾವ ಎಲ್ಲ ಕತೆಗೂ ‘ಕಾಯ್ದೆ ಬರೋಕೆ ಮುಂಚೆ’ ಎಂದು ಸೇರಿಸುತ್ತಿದ್ದ. ಕಾಯ್ದೆ ಬಂದಾಗ ಅವನಿಗೆ ಹನ್ನೆರಡು ವರ್ಷ. ಅತ್ತೆ ಮುದ್ದೆ ತಿರುವುತ್ತಾ, ‘ಇವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು’ ಅನ್ನುತ್ತಿದ್ದಳು.

ರಾತ್ರಿ ಮನೆಯ ಸಿಂಕಿನ ಪಕ್ಕದಲ್ಲಿ ಮೊಲವನ್ನಿಟ್ಟು ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಹೆಂಡತಿ ಧನಿಯಾ ಹುರಿಯುತ್ತಿದ್ದಳು, ನಾನೇ ಹೊಡೆದದ್ದು ಎಂದರೆ ನಂಬಿರಲಿಲ್ಲ. ಮಾವನ ಊರಿನಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಆದರೂ ಮುದುಕ ಎದ್ದೇ ಇದ್ದ. ನೀಲಿ ಗೆರೆ ಬಿತ್ತು. ಬಹಳ ಹೊತ್ತು ಏನೂ ಬರಲಿಲ್ಲ, ಆಮೇಲೆ ಬಂತು: ‘ಮೂರೇ ಕಾಲು ಕಾಣ್ತಾವಲ್ಲೋ.’

ಫೋಟೋ ದೊಡ್ಡದು ಮಾಡಿ ನೋಡಿದೆ. ಹಿಂಗಾಲೊಂದು ಇನ್ನೊಂದರೊಳಗೆ ಸೇರಿಕೊಂಡಿತ್ತು. ಮೂರೇ ಕಾಣುತ್ತಿದ್ದವು.