ನಂದಿ ಇಳಿಯೋಕೆ ಬ್ರೇಕ್ ಗಟ್ಟಿಯಿರಲಿ

ನಂದಿ ಬೆಟ್ಟ ಹತ್ತೋಕೆ ಕಾಲಲ್ಲಿ ಕಸುವು ಬೇಕು, ಇಳಿಯೋಕೆ ಬ್ರೇಕಲ್ಲಿ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರ, 1,478 ಮೀಟರ್ ಎತ್ತರ. ಬೆಳಗಿನ ಮಂಜಿಗೆ ಒದ್ದೆಯಾದ ರಸ್ತೆ, ಒಂದರ ಹಿಂದೊಂದು ಹೇರ್‌ಪಿನ್ ತಿರುವು, ಎದುರಿಗೆ ಅವಸರದಲ್ಲಿ ನುಗ್ಗೋ ಕಾರುಗಳು.

ಕಳೆದ ತಿಂಗಳು ಎರಡನೇ ತಿರುವಿನಲ್ಲೇ ಗೆಳತಿಯ ಮೌಂಟನ್ ಬೈಕ್ ಲಿವರ್ ಪೂರ್ತಿ ಒತ್ತಿದರೂ ನಿಲ್ಲಲಿಲ್ಲ. ಹೇಗೋ ಮಣ್ಣಿಗಿಳಿಸಿ ನಿಲ್ಲಿಸಿದಳು. ನೋಡಿದರೆ ಡಿಸ್ಕ್ ಮೇಲೆ ಎಣ್ಣೆ ಜಿಡ್ಡು! ಹಿಂದಿನ ದಿನ ಚೈನಿಗೆ ಹೊಡೆದ ಸ್ಪ್ರೇ ಅಲ್ಲಿಗೂ ಸಿಡಿದಿತ್ತು. ಉಳಿದ ದಾರಿ ಸೈಕಲ್ ತಳ್ಳಿಕೊಂಡೇ ಇಳಿದಳು.

ಮನೆಯಲ್ಲಿ ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಎಣ್ಣೆ ಕುಡಿದ ಪ್ಯಾಡ್ ಎಸೆದು ಹೊಸದು ಹಾಕಿದೆವು. ಹಳೇದನ್ನೇ ಸುಟ್ಟು ಉಳಿಸೋ ಯೂಟ್ಯೂಬ್ ಸಾಹಸಗಳಲ್ಲಿ ನನಗಂತೂ ನಂಬಿಕೆಯಿಲ್ಲ. ಹೊಸ ಪ್ಯಾಡ್ ಜೊತೆ ನೇರ ಬೆಟ್ಟಕ್ಕೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ ಸ್ವಲ್ಪ ವೇಗ ಪಡೆದು, ಪೂರ್ತಿ ನಿಲ್ಲಿಸದೆ ನಡಿಗೆಯ ವೇಗಕ್ಕೆ ಇಳಿಸಿ. ಒಂದೊಂದು ಬ್ರೇಕಿಗೂ ಸುಮಾರು 20 ಸಲ. ಪ್ಯಾಡಿನ ಪದರ ಡಿಸ್ಕ್ ಮೇಲೆ ಸಮನಾಗಿ ಕೂತರೇನೇ ಹಿಡಿತ.

ಹೈಡ್ರಾಲಿಕ್ ಬ್ರೇಕಿನ ಲಿವರ್ ಸ್ಪಂಜಿನ ಹಾಗಿದ್ದರೆ ಒಳಗೆ ಗಾಳಿ ಸೇರಿರಬಹುದು, ಬ್ಲೀಡ್ ಮಾಡಿಸಿ. ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ಆಯಿಲ್ ಹಾಕಿದರೆ ಸೀಲ್ ಹಾಳು. ಕೇಬಲ್ ಬ್ರೇಕಾದರೆ ಸಡಿಲವಾದ ಕೇಬಲ್ ಬಿಗಿ ಮಾಡಿ ನೋಡಿ.

ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇರಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಬಿಡಿ. ಕೆಳಗೆ ಬಂದಮೇಲೆ ಡಿಸ್ಕಿಗೆ ಮಾತ್ರ ಬೆರಳು ತಾಗಿಸಬೇಡಿ, ದೋಸೆ ಕಾವಲಿ ಥರ ಸುಡುತ್ತೆ.